ಕಿವುಡನ ಗ್ಯಾರೇಜಿನಲ್ಲಿ

"ಕಾರಿನ ಸದ್ದು ಏನು ಅಂತ ಕೇಳೋಕೆ ಕಿವುಡನ ಹತ್ರ ಕರ್ಕೊಂಡು ಬಂದಿದ್ದೀಯಲ್ಲ, ನಿನ್ನ ಬುದ್ಧಿಗಿಷ್ಟು!" ಎಂದು ವಕೀಲ ಪುರಾಣಿಕರು ಹೆಂಡತಿಯನ್ನು ಗದರುತ್ತಲೇ ಇದ್ದರು. ಮೆಕ್ಯಾನಿಕ್ ಬುಡನ್ ಸಾಬ್ ಮಾತ್ರ ಕಣ್ಣು ಮುಚ್ಚಿಕೊಂಡು, ನಡುಗುತ್ತಿದ್ದ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತಿದ್ದ.

ಇಪ್ಪತ್ತು ವರ್ಷದ ಕಾರು. ಕೊಳ್ಳುವವರು ಸಂಜೆ ನಾಲ್ಕಕ್ಕೆ ಬರುವವರಿದ್ದರು. ಈ ಕಟಕಟ ಕೇಳಿದರೆ ಅವರು ಬಂದ ದಾರಿಯಲ್ಲೇ ಹಿಂದಿರುಗುವುದು ಖಂಡಿತ. ಕಿವಿ ನೆಟ್ಟಗಿದ್ದ ಮೂವರು ಮೆಕ್ಯಾನಿಕ್‌ಗಳು ಆಗಲೇ ಕೈಚೆಲ್ಲಿದ್ದರು.

"ಎಂಜಿನ್ನಿಗೆ ಜ್ವರ ಬಂದಿದೆಯಾ ಅಂತ ಮುಟ್ಟಿ ನೋಡ್ತಿರಬೇಕು, ದಡ್ಡ ಮುಂಡೇದು!" ಎಂದರು ಪುರಾಣಿಕರು.

ಬುಡನ್ ಕಾರಿನಡಿ ನುಸುಳಿದ. ಅಲ್ಲಿದ್ದ ತಗಡಿನ ಮೇಲೆ ಕೈಯಾಡಿಸಿ, ಸಡಿಲವಾಗಿದ್ದ ಒಂದೇ ಒಂದು ಬೋಲ್ಟನ್ನು ಬಿಗಿದ. ಸದ್ದು ಅಡಗಿತು.

ಪುರಾಣಿಕರು ಹಿಗ್ಗಿ ಹೀರೇಕಾಯಿಯಾದರು. ಇದ್ದಕ್ಕಿದ್ದಂತೆ ಔದಾರ್ಯ ಉಕ್ಕಿ ಬಂದು, ಬುಡನ್‌ನ ಕಿವಿಗೆ ಬಾಯಿಟ್ಟು ಕೂಗಿದರು: "ಸಾಬ್ರೇ, ಕಿವಿಗೆ ಹಾಕ್ಕೊಳ್ಳೋ ಮಿಷನ್ ನಾನೇ ಕೊಡಿಸ್ತೀನಿ!"

"ಬ್ಯಾಡ ಸ್ವಾಮಿ," ಎಂದ ಬುಡನ್, ಕೈ ಒರೆಸಿಕೊಳ್ಳುತ್ತ. "ಮಗಳು ಕೊಡ್ಸಿದ್ದು ಡ್ರಾಯರ್‌ನಾಗೈತೆ. ಗಿರಾಕಿ ಬಂದ್ ಕೂಡ್ಲೆ ಕಿವಿಯಿಂದ ತೆಗ್ದಿಡ್ತೀನಿ."