ರೀಲಿನೊಳಗೆ ಸಿಕ್ಕಿದ್ದು

"ಪೂರ್ತಿ ಸರ್ವಿಸ್ ಮಾಡಿ. ಬೇರಿಂಗ್ ಹೊಸದು ಹಾಕಿ, ಇನ್ನು ಹೆಚ್ಚು ಭಾರ ಎಳೀಬೇಕು," ಎನ್ನುತ್ತ ಗಿರಾಕಿ ಗಾಳದ ರೀಲನ್ನು ಮೇಜಿನ ಮೇಲಿಟ್ಟು ಎದುರಿಗೇ ಕೂತ.

ರಿಪೇರಿಯ ಜಟ್ಟಪ್ಪ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಒಳಗಿನ ಹಲ್ಲುಚಕ್ರಕ್ಕೆ ಬುಡಸಮೇತ ಕಿತ್ತುಬಂದ ಹೆಂಗಸಿನ ನೀಳ ಕೂದಲು ಬಿಗಿಯಾಗಿ ಸುತ್ತಿಕೊಂಡಿತ್ತು. ಅವನು ರೀಲನ್ನು ತನ್ನತ್ತ ವಾಲಿಸಿಕೊಂಡ.

"ಎಂತ ಸಿಕ್ತು?" ಗಿರಾಕಿ ಮುಂದಕ್ಕೆ ಬಾಗಿದ.

ಜಟ್ಟಪ್ಪ ನಗಲು ನೋಡಿದ. "ಪಾಚಿ ಮಾರಾಯ್ರೆ. ಉಪ್ಪುನೀರಲ್ಲಿ ಇದೆಲ್ಲ ಮಾಮೂಲಿ."

ಚಿಮಟದಿಂದ ಎಳೆಎಳೆಯಾಗಿ ಬಿಡಿಸಿ ಕಸದ ಡಬ್ಬಿಗೆ ಹಾಕಿದ. ಎಣ್ಣೆ ಬಿಟ್ಟು ಹೊಸ ಬೇರಿಂಗ್ ಕೂರಿಸಿದ.

ಗಿರಾಕಿ ಹ್ಯಾಂಡಲ್ ತಿರುಗಿಸಿ ನೋಡಿದ. ಸದ್ದೇ ಇರಲಿಲ್ಲ. ತಲೆದೂಗುತ್ತ ಎದ್ದ.

"ಒಳ್ಳೇ ಕೆಲಸ. ಇನ್ಮೇಲೆ ನಿಮ್ಮ ಹತ್ರವೇ ತರ್ತೇನೆ. ಮೊದಲಿನ ರಿಪೇರಿಯವ ಕೂದಲು ಅಂದುಬಿಟ್ಟಿದ್ದ, ಪಾಪ."