ಕೋಟು ಬಿಚ್ಚಿದ ಹೊತ್ತು

ಗ್ರಾಂಟ್ ತನ್ನ ಫೋನನ್ನು ಮಾರ್ಲಿಸಳ ಮುಖದ ಪಕ್ಕಕ್ಕೆ ಹಿಡಿದು, ಡೇಟಿಂಗ್ ಆ್ಯಪ್‌ನಲ್ಲಿದ್ದ ಅವಳ ಫೋಟೊವನ್ನೂ ಮೊದಲ ಸಲ ಎದುರು ಕೂತ ಅವಳನ್ನೂ ಹೋಲಿಸಿದ. "ಇದ್ರಲ್ಲಿ ಇಷ್ಟು ದಪ್ಪ ಇಲ್ವಲ್ರೀ!"

ಅಮೆರಿಕದ ದುಲುತ್ ಊರಿನ ಆ ಹೋಟೆಲಿನಲ್ಲಿ ಪಕ್ಕದ ಮೇಜಿನವರು ತಿರುಗಿ ನೋಡಿದರು. ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದು ತೆಗೆಸಿ, ಸುಕ್ಕುಗಳನ್ನು ಅಳಿಸಿ ಹಾಕಿದ್ದ ಫೋಟೊ ಅದು. ಜನ ಅದನ್ನು ಮೆಚ್ಚಿದಷ್ಟೂ ಮಾರ್ಲಿಸಳಿಗೆ ಕನ್ನಡಿ ನೋಡಲು ನಾಚಿಕೆಯಾಗುತ್ತಿತ್ತು. ಈಗಲೂ ಕೈ ತಾನಾಗಿಯೇ ಕೋಟೆಳೆದು ಹೊಟ್ಟೆ ಮುಚ್ಚಲು ಹೋಯಿತು. ಅವಳು ಕೋಟನ್ನೇ ಬಿಚ್ಚಿ ಕುರ್ಚಿಗೆ ಹಾಕಿದಳು.

"ಫೋಟೊ ಸುಳ್ಳು. ಅದು ನನ್ನ ತಪ್ಪು, ಒಪ್ಕೊಂಡೆ. ಈ ಮೈ ಮಾತ್ರ ತಪ್ಪಲ್ಲ. ನೀವಿನ್ನು ಹೊರಡಿ."

"ತಮಾಷೆಗಂದೆ ಕಣ್ರೀ," ಎಂದು ಗೊಣಗುತ್ತಾ ಗ್ರಾಂಟ್ ಎದ್ದು ಹೋದ.

ಆರ್ಡರ್ ಕೇಳಲು ಬಂದ ಹುಡುಗಿ ಖಾಲಿ ಕುರ್ಚಿ ನೋಡಿ, "ಒಬ್ರಿಗೇನಾ?" ಎಂದಳು.

"ನಂಗೊಬ್ಳಿಗೇ. ಕರಿದ ಮೀನು, ಆಮೇಲೆ ಸಿಹಿಗೆ ಬ್ಲೂಬೆರಿ ಪೈ. ಹೊಟ್ಟೆ ತುಂಬ ತಿನ್ಬೇಕು."