ಪೆಟ್ಟಿಗೆಯ ತೂಕ

ಒಳಗೆ ಕಾಲಿಟ್ಟಾಗಿನಿಂದ ಮಾನ್ಯರು ಎದೆಯ ಮೇಲಿಟ್ಟ ಕೈ ತೆಗೆದಿರಲಿಲ್ಲ. ಕೋಟಿನ ಎಡಭಾಗವನ್ನು ಒತ್ತಿ ಹಿಡಿದುಕೊಂಡೇ ಪತ್ರಾಗಾರದ ಮೆಟ್ಟಿಲು ಹತ್ತಿದ್ದರು. ಬಾಗಿಲ ಕಾವಲುಗಾರ ಗಾಬರಿಯಾಗಿ, “ಎದೆನೋವಾ ಸರ್? ಕುರ್ಚಿ ತರ್ಲಾ?” ಎಂದು ಕೇಳಿದ.

“ಇಲ್ಲಪ್ಪಾ. ಹೃದಯ ಸ್ವಲ್ಪ ಮೃದು ನಂದು, ಅಷ್ಟೆ,” ಎಂದು ಅವರು ನಕ್ಕರು.

ಹೃದಯ ಮೃದುವಂತೆ! ಇಪ್ಪತ್ತೆರಡು ವರ್ಷಗಳ ಹಿಂದೆ ಸರ್ಕಾರಿ ಆಸ್ಪತ್ರೆಗಳಿಗೆ ಬಂದ ಕೆಟ್ಟ ಗ್ಲೂಕೋಸ್ ಬಾಟಲಿಗಳು ಮೂವತ್ತೊಂದು ಜನರನ್ನು ಕೊಂದಾಗ, ಶಾಸಕರ ತನಿಖಾ ಸಮಿತಿಯಲ್ಲಿ ಈ ಮಾನ್ಯರೂ ಒಬ್ಬರು. ಸಮಿತಿಯ ವಕೀಲರು ನಾಲ್ಕು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಮಂತ್ರಿಯ ಹೆಸರು ಸಹಿತ ಕರಡು ಬರೆದುಕೊಟ್ಟರು. ಸಮಿತಿ ಅದನ್ನು ಮೂಲೆಗೆ ತಳ್ಳಿ, ಯಾರದೂ ತಪ್ಪಿಲ್ಲ ಎಂದು ಒಂದೂವರೆ ಪುಟದ ವರದಿ ಒಪ್ಪಿಸಿತು. ಏಳು ಸದಸ್ಯರು, ಏಳು ಸಹಿ, ಒಮ್ಮತ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕುರ್ಚಿ ಸಿಕ್ಕಿತು.

ವಕೀಲರು ತೀರಿಕೊಂಡ ಮೇಲೆ ಅವರ ಮಗಳು ಅಪ್ಪನ ಕಾಗದಗಳನ್ನೆಲ್ಲ ರಟ್ಟಿನ ಪೆಟ್ಟಿಗೆಯೊಂದರಲ್ಲಿ ತಂದು ಪತ್ರಾಗಾರಕ್ಕೆ ಕೊಟ್ಟಳು. ಎಲ್ಲೂ ಇಲ್ಲ ಎಂದು ಸರ್ಕಾರ ಕೈ ತೊಳೆದುಕೊಂಡಿದ್ದ ಆ ಏಳು ಸಹಿಗಳ ಮೂಲ ಹಾಳೆ, ಮೂಲೆಗೆ ತಳ್ಳಿದ ಕರಡಿನ ಜೊತೆ ಅದರಲ್ಲಿತ್ತು. ಸುದ್ದಿ ಪತ್ರಿಕೆಗೆ ಬಂತು. ಹಗರಣಕ್ಕೆ ಮತ್ತೆ ಜೀವ ಬಂತು. ಸೋಮವಾರ ಹೊಸ ವಿಚಾರಣೆಯವರು ಬಂದು ಪೆಟ್ಟಿಗೆಯನ್ನು ವಶಕ್ಕೆ ಪಡೆಯುವುದಿತ್ತು. ಇವತ್ತು ಶುಕ್ರವಾರ.

ವಾಚನ ಕೊಠಡಿಯ ಮೇಲ್ವಿಚಾರಕಿ ಒಳಕೋಣೆಯಲ್ಲಿ ಪೆಟ್ಟಿಗೆಯನ್ನು ತೂಕದ ಯಂತ್ರದ ಮೇಲಿಟ್ಟಳು. ಮೂರು ಕಿಲೋ ನೂರಾ ಹತ್ತು ಗ್ರಾಂ. ಕೊಡುವಾಗ ಒಮ್ಮೆ, ವಾಪಸ್ ಬಂದಾಗ ಒಮ್ಮೆ ತೂಗುವುದು ಇಲ್ಲಿನ ಪದ್ಧತಿ. ಓದಲು ಬಂದವರಿಗೆ ಅದು ಗೊತ್ತಿರುವುದಿಲ್ಲ.

ಆ ಮೂವತ್ತೊಂದರಲ್ಲಿ ಒಬ್ಬ ಅವಳ ಅಣ್ಣ. ಹತ್ತೊಂಬತ್ತು ವರ್ಷ. ಬರೀ ಜ್ವರಕ್ಕೆ ಆಸ್ಪತ್ರೆ ಸೇರಿಸಿದ್ದರು. ಸಹಿಯ ಹಾಳೆ ಹೋದರೆ ಕರಡನ್ನು ಮುಚ್ಚಿಟ್ಟವರು ಯಾರೆಂಬ ಸಾಕ್ಷಿಯೂ ಹೋಗಿ, ಅವನು ಜ್ವರದಿಂದ ಸತ್ತ ಎಂಬುದೇ ಕಾಯಂ.

“ಕೊಡಬೇಡಿ ಮೇಡಂ,” ಎಂದು ಕಾವಲುಗಾರ ಪಿಸುಗುಟ್ಟಿದ. ಕೆಲಸಕ್ಕೆ ಸೇರಿ ಅವನಿಗೆ ನಾಲ್ಕೇ ದಿನ. “ಆ ಹಾಳೆ ಎತ್ಕೊಂಡು ಹೋದ್ರೆ ಏನ್ ಮಾಡ್ತೀರಾ? ಮುಖ ನೋಡಿದ್ರೇ ಗೊತ್ತಾಗಲ್ವಾ?”

“ಕೇಳಿದವರಿಗೆ ಕೊಡೋದು ನಿಯಮ. ಹೋಗೋವಾಗ ನೀವು ಜೇಬು ನೋಡಿ, ಸಾಕು.”

ಬಾಗಿಲ ಮೇಲಿನ ಫಲಕವೂ ಅದನ್ನೇ ಹೇಳುತ್ತಿತ್ತು: ಹೊರಹೋಗುವವರ ತಪಾಸಣೆ ಕಡ್ಡಾಯ.

ಅವಳು ಪೆಟ್ಟಿಗೆಯನ್ನು ಮಾನ್ಯರ ಮುಂದಿಟ್ಟಳು. ಅವರು ದನಿ ತಗ್ಗಿಸಿದರು. “ನನ್ನ ಜೊತೆಗಿದ್ದವರು ಯಾರಾದ್ರೂ ಬಂದಿದ್ರಾ?”

“ಎಲ್ರೂ ಬಂದು ಹೋದ್ರು ಸರ್. ತೀರಿಕೊಂಡ ಒಬ್ಬರ ಪರವಾಗಿ ಅವರ ಅಳಿಯ ಬಂದಿದ್ರು. ನೀವೊಬ್ರೇ ಬಾಕಿ ಇದ್ರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಮಾನ್ಯರು. ಕೈ ಮತ್ತೆ ಎದೆಗೆ ಹೋಯಿತು. “ಏನಾದ್ರೂ ತಗೊಂಡು ಹೋದ್ರಾ?”

“ಒಂದು ಚೂರು ಕಾಗದಾನೂ ಇಲ್ಲ ಸರ್. ಎಲ್ಲಾ ದೊಡ್ಡ ಮನುಷ್ಯರು.”

ಅವಳು ಮೇಜಿಗೆ ಮರಳಿ ಕಾವಲುಗಾರನನ್ನು ಕೇಳಿದಳು: “ಒಳಗೆ ಚಹಾ ತಂದಿದ್ರಾ? ವಾಸನೆ ಬರ್ತಿದೆ.”

“ಬೆಳಗ್ಗೆಯಿಂದ ನೀರೂ ಕುಡಿದಿಲ್ಲ ಮೇಡಂ!”

ಅವಳು ತಲೆಯಾಡಿಸಿ ಪೆನ್ಸಿಲ್ ಚೂಪು ಮಾಡತೊಡಗಿದಳು.

ಮಾನ್ಯರು ಕಡತಗಳನ್ನು ತಿರುವಿದರು. ಸಹಿಯ ಹಾಳೆ ಮೇಲೆಯೇ ಇತ್ತು. ಅದನ್ನು ನೋಡಿ, ಹಲ್ಲಿ ಕಂಡವರಂತೆ ಮುಖ ಕಿವುಚಿ ಪಕ್ಕಕ್ಕಿಟ್ಟರು. ಆಮೇಲೆ ಅವಳ ಮೇಜಿಗೂ ತಮಗೂ ನಡುವಿದ್ದ ಗಾಜಿನ ಕಡೆಗೆ ಬೆನ್ನು ಹಾಕಿ ಬಗ್ಗಿದರು. ಕಾಗದ ಸರಿದ ಸದ್ದಾಯಿತು.

“ನೋಡಿ, ನೋಡಿ! ಕೈ ಕೋಟಿನೊಳಗೆ ಹೋಯ್ತು!” ಕಾವಲುಗಾರ ಎದ್ದೇ ಬಿಟ್ಟ.

“ಕೂತ್ಕೊಳ್ಳಿ,” ಎಂದಳು ಅವಳು, ತಲೆಯೆತ್ತದೆ.

ಹೊರಡುವಾಗ ಕಾವಲುಗಾರ ಮಾನ್ಯರನ್ನು ಜಾಲಾಡಿದ. ಕರವಸ್ತ್ರ. ಮಾತ್ರೆಯ ಪಟ್ಟಿ. ಕನ್ನಡಕದ ಡಬ್ಬಿ. ಕೋಟು ಕೊಡವಿಸಿದ, ಕಾಲುಚೀಲ ಇಳಿಸಿದ. ಏನೂ ಇಲ್ಲ.

“ಆಯ್ತೇನಪ್ಪಾ? ಜನಸೇವೆ ಮಾಡಿದವರಿಗೆ ಇದೇ ಮರ್ಯಾದೆ!” ಎಂದ ಮಾನ್ಯರು ಅವಳತ್ತ ತಿರುಗಿದರು. “ಎರಡನೇ ಕಡತದಲ್ಲಿ ನನ್ನ ಹಳೇ ಪತ್ರ ಒಂದಿದೆಯಮ್ಮಾ. ವಕೀಲರು ಜೋಪಾನವಾಗಿಟ್ಟಿದ್ದಾರೆ ಪಾಪ. ವಿಚಾರಣೆಯವರ ಕಣ್ಣಿಗೆ ಬೀಳೋ ಹಾಗೆ ಇಡಿ.”

“ಖಂಡಿತ ಬೀಳುತ್ತೆ ಸರ್.”

ಮಾನ್ಯರು ಎರಡೂ ಕೈ ಬೀಸುತ್ತ ಮೆಟ್ಟಿಲಿಳಿದರು. ಎದೆನೋವು ಗುಣವಾಗಿತ್ತು.

ಅವಳು ಪೆಟ್ಟಿಗೆಯನ್ನು ಮತ್ತೆ ತೂಗಿದಳು.

“ಎಷ್ಟು ಕಮ್ಮಿ ಮೇಡಂ?”

“ಒಂಬತ್ತು ಗ್ರಾಂ ಜಾಸ್ತಿ.”

ಸಹಿಯ ಹಾಳೆ ಇದ್ದಲ್ಲೇ ಇತ್ತು. ಎರಡನೇ ಕಡತದಿಂದ ಅವಳು ಎರಡು ಹಾಳೆ ಹೊರಗೆಳೆದಳು. ಇಪ್ಪತ್ತೆರಡು ವರ್ಷ ಹಿಂದಿನ ತಾರೀಖು. ಅಂಚಿನಿಂದ ಅಂಚಿಗೆ ಒಂದೇ ಹದದ ಕಂದು ಬಣ್ಣ. ಹಳೆಯದಾಗಿ ಕಾಣಲೆಂದು ಅದ್ದಿ ಒಣಗಿಸಿದ ಚಹಾದ ವಾಸನೆ ಇನ್ನೂ ಆರಿರಲಿಲ್ಲ. ಕಾವಲುಗಾರ ಬಗ್ಗಿ, ಅಕ್ಷರ ಕೂಡಿಸಿಕೊಂಡು ಓದಿದ: “ವಕೀಲರೇ, ಸಮಿತಿಯಲ್ಲಿ ಈ ಅನ್ಯಾಯವನ್ನು ವಿರೋಧಿಸಿದವನು ನಾನೊಬ್ಬನೇ. ಬಾಟಲಿಗಳ ವಿಷಯ ನಮಗೆಲ್ಲರಿಗೂ ತಿಳಿದಿತ್ತು. ಜೀವಭಯದಿಂದ ಸಹಿ ಹಾಕುತ್ತಿದ್ದೇನೆ.”

ಅವನ ಕಣ್ಣು ಒದ್ದೆಯಾಯಿತು. “ಅಯ್ಯೋ, ಸುಮ್ನೆ ಅನುಮಾನಪಟ್ಟೆ. ಏಳು ಜನರಲ್ಲಿ ಇವರೊಬ್ರಾದ್ರೂ ಮನುಷ್ಯರಾಗಿದ್ರಲ್ಲಾ ಮೇಡಂ!”

ಅವಳು ಪತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಇವತ್ತಿನ ತಾರೀಖು, ಹೋದ ತೂಕ, ಬಂದ ತೂಕ ಬರೆದಳು. ಮೇಜಿನ ಡ್ರಾಯರ್ ಎಳೆದು, ಸೋಮವಾರಕ್ಕೆಂದು ಕಟ್ಟಿಟ್ಟಿದ್ದ ಕಂದು ಹಾಳೆಗಳ ಕಟ್ಟು ಬಿಚ್ಚಿ, ಇದನ್ನೂ ಸೇರಿಸಿ ಎಣಿಸಿದಳು.

“ವಿರೋಧಿಸಿದವನು ನಾನೊಬ್ಬನೇ” ಎನ್ನುವ ಪತ್ರಗಳು ಈಗ ಏಳಾಗಿದ್ದವು.